ತಿರುವಿನಾಚೆ ಇರುವವರು

ಘಾಟಿ ರಸ್ತೆಯನ್ನು ಪ್ರೀತಿಸುವವರಲ್ಲಿ ಎರಡು ಪಂಗಡ. ಕಿಟಕಿಗೆ ತಲೆಯಾನಿಸಿ ಕಣಿವೆ ನೋಡುವವರು ಒಂದು. ಸ್ಟೇರಿಂಗ್ ಹಿಡಿದು, ಕಣಿವೆಯನ್ನಲ್ಲ, ತಿರುವನ್ನೇ ಪ್ರೀತಿಸುವವರು ಇನ್ನೊಂದು. ಮೊದಲಿನವರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರಹವಿದೆ. ಮಲೆನಾಡಿನ ಮಂಜು, ಮಳೆ, ಹಸಿರಿನ ಮೇಲೆ ನಾವು ಖರ್ಚು ಮಾಡಿದ ವಿಶೇಷಣಗಳಿಗೆ ಲೆಕ್ಕವಿಲ್ಲ. ಎರಡನೆಯವರ ಸುಖದ ಬಗ್ಗೆ ನಾವು ಮಾತಾಡುವುದು ಕಡಿಮೆ. ಆಡಿದರೂ ಬೈಯಲಿಕ್ಕೆ ಮಾತ್ರ: ದುಡ್ಡಿನ ಸೊಕ್ಕು, ವೀಕೆಂಡಿನ ಗಲಾಟೆ, ರೀಲ್ಸ್ ಹುಚ್ಚು. ಬೈಗುಳ ಎಷ್ಟೋ ಸಲ ಸರಿಯಾದ ಜಾಗಕ್ಕೇ ಬೀಳುತ್ತದೆ. ಆದರೆ ಬೈದು ಮುಗಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲರಿಗೂ ಸೇರಿದ ರಸ್ತೆಯ ಒಂದು ತಿರುವಿನಿಂದ ಒಬ್ಬ ವ್ಯಕ್ತಿ ಎಷ್ಟು ಸುಖ ತೆಗೆದುಕೊಳ್ಳಬಹುದು? ಆ ಸುಖದ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುತ್ತಾನೆ?

ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ದೊಡ್ಡಪ್ಪನ ಮಗನಿಂದ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಣ್ಣ ಎರಡು ಸೀಟಿನ, ನೆಲಕ್ಕೆ ತಾಗುವಷ್ಟು ತಗ್ಗಿನ, ಟಾಪ್ ತೆರೆಯಬಹುದಾದ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. "ನೀನು ಊರಿನವಳು, ನಿಂಗೆ ಗೊತ್ತಿರತ್ತೆ. ಈ ಕಾರಿಗೆ ತಕ್ಕ ಒಳ್ಳೇ ರೋಡುಗಳ ಲಿಸ್ಟ್ ಕಳಿಸು" ಅಂದ. ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವವರಿಗೆ ಕಾರು ಕೊಳ್ಳುವ ಯೋಗ ಸದ್ಯಕ್ಕಿಲ್ಲ, ಫೆಲೋಶಿಪ್ ಹಣ ಬಂದ ತಿಂಗಳು ಬಂದಹಾಗೆ. ಆದರೆ ಅಪ್ಪನ ಹಳೆಯ ಕಾರನ್ನು ಘಾಟಿಗಳಲ್ಲಿ ಓಡಿಸಿ ನನಗೆ ಅಭ್ಯಾಸವಿದೆ, ಲಿಸ್ಟು ನಾಲಿಗೆಯ ತುದಿಯಲ್ಲೇ ಇತ್ತು.

ಮೊದಲನೆಯದು ಕಳಸದಿಂದ ಕುದುರೆಮುಖದ ಮೂಲಕ ಕಾರ್ಕಳದ ಕಡೆಗೆ ಇಳಿಯುವ ರಸ್ತೆ. ನನ್ನ ಮಟ್ಟಿಗೆ ರಾಜ್ಯದಲ್ಲೇ ಇದಕ್ಕೆ ಸಾಟಿಯಿಲ್ಲ. ಶೋಲಾ ಕಾಡು, ಅದರ ನಡುವೆ ಹುಲ್ಲುಗಾವಲಿನ ಗುಡ್ಡಗಳು. ಕಾಡಿನಲ್ಲಿ ತಿರುವು ಬಿಗಿಯಾಗುತ್ತದೆ, ಹುಲ್ಲಿನಲ್ಲಿ ಸಡಿಲಾಗುತ್ತದೆ. ಎರಡನೆಯದು ಚಾರ್ಮಾಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಲು ಶುರು ಮಾಡಿದರೆ ಮಳೆಗಾಲದಲ್ಲಿ ದರೆಯುದ್ದಕ್ಕೂ ಝರಿಗಳು, ನಡುವೆ ಅಣ್ಣಪ್ಪಸ್ವಾಮಿಯ ಗುಡಿ. ಅಲ್ಲಿ ನಿಲ್ಲಿಸಿ ಕೈಮುಗಿಯದೆ ಹೋಗುವ ಡ್ರೈವರುಗಳು ಕಡಿಮೆ. ಮೂರನೆಯದು ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಾಟಿ. ಆಗುಂಬೆಯನ್ನು ನಾನು ಪಟ್ಟಿಯಲ್ಲಿ ಕೆಳಗೇ ಇಟ್ಟಿದ್ದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳು ಫೋಟೋಕ್ಕೆ ಚೆಂದ, ಭಾರೀ ವಾಹನಗಳಿಗೆ ಪ್ರವೇಶವಿಲ್ಲ ಎಂಬುದೂ ನಿಜ. ಆದರೆ ಓಡಿಸುವವರಿಗೆ ಅದು ರಸ್ತೆಗಿಂತ ಮೆಟ್ಟಿಲಿನಂತೆ. ಗಡಿಯಾಚೆ ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿ, ಅಲ್ಲಿ ಮೂವತ್ತಾರು ತಿರುವುಗಳಿಗೂ ನಂಬರ್ ಬೋರ್ಡು. ಶಿರಾಡಿ ಬೇಡವೇ ಬೇಡ. ಅದು ಲಾರಿಗಳ ರಾಜ್ಯ.

ಈ ಲಿಸ್ಟನ್ನು ಟೈಪು ಮಾಡುತ್ತಿರುವಾಗಲೇ ನನಗೆ ಹೊಳೆದದ್ದು, ಇದರಲ್ಲಿ ಒಂದು ರಸ್ತೆಯನ್ನೂ ಸುಖಕ್ಕಾಗಿ ಕಟ್ಟಿದ್ದಲ್ಲ ಅನ್ನುವುದು. ಕುದುರೆಮುಖದ ರಸ್ತೆ ಅಷ್ಟು ಅಚ್ಚುಕಟ್ಟಾಗಿರುವುದಕ್ಕೂ ಅಲ್ಲಿ ಕಬ್ಬಿಣದ ಅದಿರಿನ ಗಣಿಯೂ ಅದರ ಟೌನ್‌ಶಿಪ್ಪೂ ಇದ್ದದ್ದಕ್ಕೂ ಸಂಬಂಧವಿದೆ. ಗಣಿಗಾರಿಕೆ 2005ರ ಕೊನೆಗೆ ನಿಂತಿತು, ರಸ್ತೆ ಉಳಿಯಿತು. ಕುಮಟೆಯ ಕಡೆಗಿನ ದಾರಿಗಳಲ್ಲಿ ಹತ್ತಿಯ ಬಂಡಿಗಳು ಇಳಿಯುತ್ತಿದ್ದವು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 65ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಸಿಗದೇ ಹೋದಾಗ ಧಾರವಾಡದ ಕಪ್ಪು ಮಣ್ಣಿನ ಹತ್ತಿಗೆ ಬೆಲೆ ಬಂತು, ಅದನ್ನು ಹಡಗಿಗೇರಿಸುವ ಬಂದರುಗಳಿಗೂ ಬಂದರಿನ ದಾರಿಗಳಿಗೂ ಬೆಲೆ ಬಂತು. ಘಾಟಿಯ ತಿರುವು ಮೂಲದಲ್ಲಿ ಎತ್ತಿನದು. ತುಂಬಿದ ಗಾಡಿ ಎಳೆಯುವ ಎತ್ತು ಎಷ್ಟು ಏರನ್ನು ತಡೆದುಕೊಳ್ಳುತ್ತದೋ ಅಷ್ಟೇ ಏರಿನಲ್ಲಿ ದಾರಿ ಸಾಗಬೇಕು. ಗುಡ್ಡ ಅದಕ್ಕಿಂತ ಕಡಿದಾಗಿದ್ದರೆ ದಾರಿ ಅಡ್ಡಡ್ಡ ಹೋಗಿ, ತಿರುಗಿ, ಮತ್ತೆ ಅಡ್ಡ ಹೋಗಬೇಕು. ಇವತ್ತು ಮುನ್ನೂರು ಕುದುರೆಶಕ್ತಿಯ ಎಂಜಿನ್ ಆನಂದಪಡುವ ಬಾಗು ಎತ್ತಿನ ಏದುಸಿರಿನ ಅಳತೆ.

ಯುರೋಪಿನಲ್ಲೂ ಕಥೆ ಬೇರೆಯಲ್ಲ. ಕಾರುಪ್ರಿಯರ ಕಾಶಿಯಂತಿರುವ ಇಟಲಿಯ ಸ್ಟೆಲ್ವಿಯೊ ಕಣಿವೆ ದಾರಿ ಸಮುದ್ರಮಟ್ಟದಿಂದ 2757 ಮೀಟರಿಗೆ ಏರುತ್ತದೆ. ಒಂದೇ ಮಗ್ಗುಲಲ್ಲಿ 48 ಹೇರ್‌ಪಿನ್ ತಿರುವು. ಅದನ್ನು 1820–25ರಲ್ಲಿ ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರು ಆಸ್ಟ್ರಿಯಾದ ಚಕ್ರಾಧಿಪತ್ಯಕ್ಕಾಗಿ ಕಟ್ಟಿದ್ದು, ಹೊಸದಾಗಿ ಕೈಸೇರಿದ್ದ ಲೊಂಬಾರ್ಡಿಯನ್ನು ಹಿಡಿತದಲ್ಲಿಟ್ಟುಕೊಳ್ಳಲು. ರೊಮೇನಿಯಾದ ಟ್ರಾನ್ಸ್‌ಫಗರಶಾನ್ ರಸ್ತೆಯನ್ನು 1970ರ ದಶಕದಲ್ಲಿ ಚೌಶೆಸ್ಕು ಸೈನಿಕರಿಂದ ಕಡಿಸಿದ. ಆ ಕೆಲಸದಲ್ಲಿ ಸತ್ತವರೂ ಇದ್ದಾರೆ. ಇದನ್ನೆಲ್ಲ ಹೇಳಿ "ನೋಡಿ, ನಿಮ್ಮ ಸುಖ ಇನ್ನೊಬ್ಬರ ಬೆವರಿನ ಮೇಲೆ ನಿಂತಿದೆ" ಎಂದು ಮಾತು ಮುಗಿಸುವುದು ಸುಲಭ. ನನಗೆ ಆ ವಾದದಲ್ಲಿ ನಂಬಿಕೆಯಿಲ್ಲ. ಹಳೆಯ ಕೋಟೆಯ ಮೇಲೆ ಕೂತು ಸೂರ್ಯಾಸ್ತ ನೋಡುವವರಿಗೂ ಅದೇ ಮಾತು ಅನ್ವಯಿಸುತ್ತದೆ. ಯಾವುದೋ ಕಾರಣಕ್ಕೆ ಕಟ್ಟಿದ್ದರಲ್ಲಿ ಇನ್ಯಾವುದೋ ಸುಖ ಕಾಣುವುದು ಮನುಷ್ಯರ ಒಳ್ಳೆಯ ಗುಣಗಳಲ್ಲೊಂದು. ತೊಡಕಿರುವುದು ರಸ್ತೆ ಹಿಂದೆ ಯಾರದ್ದಾಗಿತ್ತು ಎಂಬಲ್ಲಲ್ಲ, ಈ ಕ್ಷಣದಲ್ಲಿ ಅದರ ಮೇಲೆ ಯಾರಿದ್ದಾರೆ ಎಂಬಲ್ಲಿ.

ಅದಕ್ಕೆ ಮೊದಲು ಆ ಸುಖದ ಪರವಾಗಿ ಪ್ರಾಮಾಣಿಕವಾಗಿ ಒಂದೆರಡು ಮಾತು ಹೇಳಬೇಕು. ಘಾಟಿಯಲ್ಲಿ ಚೆನ್ನಾಗಿ ಓಡಿಸುವುದು ನಿಜವಾದ ಕೌಶಲ. ತಿರುವಿಗೆ ಮುಂಚೆ ಬ್ರೇಕ್ ಮುಗಿಸಿರಬೇಕು, ಗೇರ್ ಇಳಿಸಿರಬೇಕು, ಕಣ್ಣು ಬಾನೆಟ್ಟಿನ ಮೇಲಲ್ಲ, ತಿರುವು ಮುಗಿಯುವ ಜಾಗದ ಮೇಲಿರಬೇಕು, ಕೈ ಕಣ್ಣನ್ನು ಹಿಂಬಾಲಿಸಬೇಕು. ಹೊರಬರುವಾಗ ಸ್ಟೇರಿಂಗ್ ತಾನಾಗಿ ಬಿಚ್ಚಿಕೊಳ್ಳುವ ಆ ಅರೆಕ್ಷಣದಲ್ಲಿ ಮೈಗೆ ಆಗುವ ಖುಷಿ ಸುಳ್ಳಲ್ಲ. ಫ್ರಾನ್ಸಿನ ರೊಜೆ ಕೈವಾ 1958ರಲ್ಲಿ ಆಟಗಳ ಬಗ್ಗೆ ಬರೆದ ಪುಸ್ತಕದಲ್ಲಿ ಆಟವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ: ಸ್ಪರ್ಧೆ, ಅದೃಷ್ಟ, ವೇಷ, ಮತ್ತು ತಲೆಸುತ್ತು. ಕೊನೆಯದನ್ನು ಒಂದು ಬಗೆಯೆಂದು ಗುರುತಿಸಿದ್ದೇ ಅವನ ಜಾಣತನ. ಮಕ್ಕಳು ಕೈಕೈ ಹಿಡಿದು ಗರಗರ ಸುತ್ತಿ ಬೀಳುವುದು, ಜಾತ್ರೆಯ ತೊಟ್ಟಿಲು, ಘಾಟಿಯ ತಿರುವು ಇವೆಲ್ಲ ಒಂದೇ ಮನೆತನದವು. ಲೋಕ ಒಂದು ಗಳಿಗೆ ಓಲಾಡಲಿ ಎಂಬ ಆಸೆ ಶ್ರೀಮಂತರಿಗೆ ಮಾತ್ರ ಇರುವುದಲ್ಲ.

(ತಲೆಸುತ್ತಿನ ಮಾತು ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಘಾಟಿಯ ಸೌಂದರ್ಯ ಬರೆಯುವವರು ವಾಂತಿಯ ಬಗ್ಗೆ ಬರೆಯುವುದಿಲ್ಲ. ನಮ್ಮ ಕಡೆಯ ಬಸ್ಸುಗಳಲ್ಲಿ ಘಾಟಿ ಎಂದರೆ ನಿಂಬೆಹಣ್ಣು, ಪ್ಲಾಸ್ಟಿಕ್ ಕೊಟ್ಟೆ, ಕಿಟಕಿಯ ಸೀಟಿಗೆ ಜಗಳ. ಕುತೂಹಲದ ಸಂಗತಿಯೆಂದರೆ ಅದೇ ತಿರುವುಗಳಲ್ಲಿ ಓಡಿಸುವವನಿಗೆ ಹೊಟ್ಟೆ ತೊಳಸುವುದು ತೀರಾ ಅಪರೂಪ. ಮುಂದಿನ ಓಲಾಟ ಯಾವ ಕಡೆಗೆ ಎಂದು ಅವನ ಮೈಗೆ ಮೊದಲೇ ಗೊತ್ತಿರುತ್ತದೆ, ಯಾಕೆಂದರೆ ಅದನ್ನು ಮಾಡುವವನು ಅವನೇ. ಒಂದೇ ಬಾಗು, ಸ್ಟೇರಿಂಗ್ ಹಿಡಿದವನಿಗೆ ನೃತ್ಯ, ಹಿಂದೆ ಕೂತ ಅಜ್ಜಿಗೆ ಸಂಕಟ. ಈ ಬರಹದ ಪ್ರಶ್ನೆ ಪೂರ್ತಿಯಾಗಿ ಇದರಲ್ಲೇ ಇದೆ ಎಂದು ಕೆಲವೊಮ್ಮೆ ಅನ್ನಿಸುತ್ತದೆ.)

ಸುಖದ ಪರವಾಗಿ ಇನ್ನೂ ಗಟ್ಟಿಯಾದ ವಾದವೊಂದಿದೆ, ಅದು ಗಮನದ ವಾದ. ಐರಿಸ್ ಮರ್ಡಾಕ್ 1970ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ನೀತಿಶಾಸ್ತ್ರದ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾಳೆ. ತನ್ನದೇ ಅವಮಾನವನ್ನು ಮೆಲುಕು ಹಾಕುತ್ತ ಕಿಟಕಿಯಾಚೆ ನೋಡುತ್ತಿರುವಾಗ ಗಾಳಿಯಲ್ಲಿ ನಿಂತ ಪುಟ್ಟ ಗಿಡುಗವೊಂದು ಕಾಣುತ್ತದೆ. ಆ ಕ್ಷಣಕ್ಕೆ 'ನಾನು' ಕರಗುತ್ತದೆ, ಗಿಡುಗ ಮಾತ್ರ ಉಳಿಯುತ್ತದೆ. ಆಮೇಲೆ ಹಿಂದಿನ ಸಂಗತಿಗೆ ಮರಳಿದರೆ ಅದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಸ್ವಾರ್ಥದಿಂದ ಬಿಡಿಸಿಕೊಳ್ಳಲು ಇಂಥ ನೋಟವೇ ದಾರಿ ಎನ್ನುವುದು ಅವಳ ಮಾತು. ವೇಗವಾಗಿ ಓಡಿಸುವವರೂ ತಮ್ಮ ಅನುಭವವನ್ನು ಇದೇ ಮಾತುಗಳಲ್ಲಿ ಹೇಳುತ್ತಾರೆ. ಆಫೀಸು, ಇಎಂಐ, ಮನಸ್ತಾಪ ಯಾವುದೂ ತಲೆಯಲ್ಲಿರುವುದಿಲ್ಲ, ಮುಂದಿನ ತಿರುವು ಮಾತ್ರ. ಮೋಟರ್‌ಸೈಕಲ್ ರಿಪೇರಿಯನ್ನೂ ತತ್ವಶಾಸ್ತ್ರವನ್ನೂ ಒಟ್ಟಿಗೆ ಮಾಡುವ ಮ್ಯಾಥ್ಯೂ ಕ್ರಾಫರ್ಡ್ ನಾವು ಯಾಕೆ ಓಡಿಸುತ್ತೇವೆ ಎಂಬ ಬಗ್ಗೆ 2020ರಲ್ಲಿ ಒಂದು ಪುಸ್ತಕವನ್ನೇ ಬರೆದ. ಎಲ್ಲವನ್ನೂ ಯಂತ್ರವೇ ಮಾಡಿಕೊಡುವ ಕಾಲದಲ್ಲಿ ಕೈಯಾರೆ ಓಡಿಸುವುದು ಮನುಷ್ಯರು ಉಳಿಸಿಕೊಳ್ಳಬೇಕಾದ ಸ್ವಾತಂತ್ರ್ಯ ಎನ್ನುವ ಕಡೆಗೆ ಅವನ ಒಲವು. ನನಗೂ ಅರ್ಧ ಒಪ್ಪಿಗೆ.

ಉಳಿದರ್ಧ ಒಪ್ಪಿಗೆಯಾಗದಿರಲು ಕಾರಣವಿದೆ. ಮರ್ಡಾಕಳ ಗಿಡುಗ ನೋಡುವವಳ ಸುಖಕ್ಕಾಗಿ ಅಲ್ಲಿರುವುದಲ್ಲ. ಅದು ತನ್ನ ಪಾಡಿಗೆ ತಾನಿರುವ ಇನ್ನೊಂದು ಜೀವ ಎಂಬುದೇ ಆ ನೋಟಕ್ಕೆ ಶಕ್ತಿ ಕೊಡುವುದು. ತಿರುವಿನಲ್ಲಿ ನನ್ನ ಗಮನವಿರುವುದು ಯಾವುದರ ಮೇಲೆ? ಡಾಂಬರಿನ ಅಂಚು, ಟೈರಿನ ಹಿಡಿತ, ಎಂಜಿನಿನ ಸದ್ದು. ಅಂದರೆ ನನ್ನ ಚಲನೆಗೆ ಏನೇನು ಬೇಕೋ ಅದರ ಮೇಲೆ. ದರೆಯ ಮೇಲೆ ಕೂತ ಸಿಂಗಳೀಕ ಆ ಗಮನದೊಳಕ್ಕೆ ಬರುವುದು ರಸ್ತೆಗೆ ಹಾರಿದರೆ ಮಾತ್ರ, ಅದೂ ಅಡಚಣೆಯಾಗಿ. 'ಸ್ಪೋರ್ಟ್ಸ್ ಕಾರಿಗೆ ತಕ್ಕ ರಮಣೀಯ ರಸ್ತೆ' ಎನ್ನುವ ಮಾತಿನಲ್ಲಿ ಒಂದು ಚಿಕ್ಕ ವಿರೋಧವೂ ಇದೆ. ಆ ಕಾರನ್ನು ಅದರ ತಾಕತ್ತಿಗೆ ತಕ್ಕಂತೆ ಓಡಿಸುವವರಿಗೆ ರಮಣೀಯತೆ ಕಾಣುವುದಿಲ್ಲ, ರಮಣೀಯತೆ ನೋಡುವವರಿಗೆ ಆ ಕಾರು ಬೇಕಿಲ್ಲ.

ಇನ್ನು ಸ್ವಲ್ಪ ಲೆಕ್ಕ. ತತ್ವಶಾಸ್ತ್ರದವರು ಲೆಕ್ಕ ಮಾಡಬಾರದೆಂದೇನಿಲ್ಲ, ಇಲ್ಲಿ ವಾದಕ್ಕಿಂತ ಲೆಕ್ಕವೇ ಹೆಚ್ಚು ಮಾತಾಡುತ್ತದೆ. ನಮ್ಮ ದೇಶದ ಗುಡ್ಡಗಾಡು ರಸ್ತೆಗಳ ಮಾನದಂಡದಲ್ಲಿ ಹೇರ್‌ಪಿನ್ ತಿರುವಿನ ಒಳಬಾಗಿನ ಕನಿಷ್ಠ ತ್ರಿಜ್ಯ 14 ಮೀಟರ್, ಕನಿಷ್ಠ ವಿನ್ಯಾಸ ವೇಗ ಗಂಟೆಗೆ 20 ಕಿಲೋಮೀಟರ್. ನಾವು 15 ಮೀಟರ್ ತ್ರಿಜ್ಯದ ತಿರುವೊಂದನ್ನು ತೆಗೆದುಕೊಳ್ಳೋಣ. ಸಂಸಾರಸ್ಥರ ಕಾರು, ಒಳಗಿದ್ದವರಿಗೆ ತೊಂದರೆಯಾಗದಂತೆ, ಅದನ್ನು ಸುಮಾರು 24 ಕಿಲೋಮೀಟರ್ ವೇಗದಲ್ಲಿ ದಾಟುತ್ತದೆ. ಒಳ್ಳೆಯ ಟೈರಿನ ಸ್ಪೋರ್ಟ್ಸ್ ಕಾರು, ಒಣ ರಸ್ತೆಯಲ್ಲಿ, ತನ್ನ ಹಿಡಿತದ ಕೊನೆಯ ತನಕ ಹೋದರೆ ಸುಮಾರು 42. ಇಷ್ಟೇ! ಎಷ್ಟೋ ಲಕ್ಷಗಳ ವ್ಯತ್ಯಾಸ ತಿರುವಿನಲ್ಲಿ ಕೊಡುವುದು ಹದಿನೆಂಟು ಕಿಲೋಮೀಟರ್ ವೇಗವನ್ನು.

ಈಗ ನಿಲ್ಲುವ ಲೆಕ್ಕ. ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ಮುಟ್ಟಿಸಲು ಒಂದು ಸೆಕೆಂಡ್ ಎಂದುಕೊಂಡರೆ, 24ರ ವೇಗದಲ್ಲಿ ಕಾರು ಪೂರ್ತಿ ನಿಲ್ಲಲು ಒಂಬತ್ತೂವರೆ ಮೀಟರ್ ಬೇಕು. 42ರಲ್ಲಿ 20 ಮೀಟರ್. ಅದೂ ನೇರ ರಸ್ತೆಯಲ್ಲಿ. ತಿರುವಿನಲ್ಲಿ ಇನ್ನೊಂದು ತೊಡಕಿದೆ. ಟೈರಿನ ಹಿಡಿತ ಒಂದೇ ಗಂಟು; ತಿರುಗಲಿಕ್ಕೂ ಅದರಿಂದಲೇ ತೆಗೆಯಬೇಕು, ನಿಲ್ಲಲಿಕ್ಕೂ ಅದರಿಂದಲೇ. ಎಲ್ಲವನ್ನೂ ತಿರುಗಲು ಖರ್ಚು ಮಾಡಿದವನ ಬಳಿ ನಿಲ್ಲಲು ಏನೂ ಉಳಿದಿರುವುದಿಲ್ಲ. ಆಗ ಬ್ರೇಕ್ ಒತ್ತಿದರೆ ಕಾರು ನಿಲ್ಲುವುದಕ್ಕೆ ಮುಂಚೆ ಜಾರುತ್ತದೆ.

ಕಾಣುವುದು ಎಷ್ಟು? ಒಳಮಗ್ಗುಲಿನ ದರೆ ನಮ್ಮ ದಾರಿಯಿಂದ ಮೂರು ಮೀಟರ್ ದೂರದಲ್ಲಿದ್ದರೆ, ಈ ತಿರುವಿನಲ್ಲಿ ಕಣ್ಣಿಗೆ ಸಿಗುವ ರಸ್ತೆ ಹತ್ತಿರಹತ್ತಿರ 19 ಮೀಟರ್. ಎದುರಿನಿಂದ ಬರುವವರೂ ಚಲಿಸುತ್ತಿರುವುದರಿಂದ, ಇಕ್ಕಟ್ಟಿನ ರಸ್ತೆಯಲ್ಲಿ ನಮ್ಮ ಪಾಲಿನದು ಅದರಲ್ಲಿ ಅರ್ಧ, ಒಂಬತ್ತೂವರೆ ಮೀಟರ್. ಸಂಸಾರಸ್ಥರ ಕಾರು ನಿಲ್ಲಲು ಬೇಕಾದಷ್ಟೇ. ಸ್ಪೋರ್ಟ್ಸ್ ಕಾರಿಗೆ ರಸ್ತೆ ಪೂರ್ತಿ ಅದರದ್ದೇ ಆದರೂ ಸಾಲದು. ಹಾಗಿದ್ದರೆ ಆ ಹೆಚ್ಚಿನ ಹದಿನೆಂಟು ಕಿಲೋಮೀಟರ್ ಎಲ್ಲಿಂದ ಬಂತು? ಬಂದದ್ದು ಒಂದು ಊಹೆಯಿಂದ: ತಿರುವಿನಾಚೆ ಯಾರೂ ಇಲ್ಲ ಎಂಬ ಊಹೆಯಿಂದ. ಚಾಲಕನ ಕೌಶಲ ಎಷ್ಟೇ ಇರಲಿ, ಅದು ಕಾಣುವ ರಸ್ತೆಯ ಮೇಲೆ ಕೆಲಸ ಮಾಡುತ್ತದೆ, ಕಾಣದ ರಸ್ತೆಯ ಮೇಲಲ್ಲ. ಅಲ್ಲಿ ಕೌಶಲವಿಲ್ಲ, ಜೂಜು ಮಾತ್ರ ಇದೆ. ಕೈವಾನ ಮಾತಿನಲ್ಲಿ ಹೇಳುವುದಾದರೆ, ತಲೆಸುತ್ತಿನ ಆಟ ಎಂದುಕೊಂಡು ನಾವು ಆಡುತ್ತಿರುವುದು ಅದೃಷ್ಟದ ಆಟ. ಪಣಕ್ಕಿಟ್ಟದ್ದರಲ್ಲಿ ಅರ್ಧ ನಮ್ಮದಲ್ಲ.

ತಿರುವಿನಾಚೆ ಯಾರಿರುತ್ತಾರೆ? ಘಾಟಿಯ ಊರಿನವರಿಗೆ ಇದು ಒಗಟಲ್ಲ. ಆಕ್ಸಲ್ ಮುರಿದುಕೊಂಡು ನಿಂತ ಗೂಡ್ಸ್ ಗಾಡಿ ಇರುತ್ತದೆ. ಅದರ ಹಿಂದೆ ಇಪ್ಪತ್ತು ಮಾರು ದೂರದಿಂದಲೇ ಹಸಿರು ಸೊಪ್ಪಿನ ಕೊಂಬೆ, ಕಲ್ಲು ಇಟ್ಟಿರುತ್ತಾರೆ. ರಸ್ತೆಗೆ ಬಂದ ದನ ಇರುತ್ತದೆ. ಜೇನು, ಹಲಸು ಮಾರುವವರು. ತಲೆಹೊರೆಯಲ್ಲಿ ಸೊಪ್ಪು ಹೊತ್ತ ಹೆಂಗಸು, ಹೊರೆಯಿಂದಾಗಿ ಅವಳಿಗೆ ಹಿಂದೆ ತಿರುಗಿ ನೋಡಲಾಗದು. ರಾತ್ರಿಯ ಮಳೆಗೆ ಕುಸಿದ ದರೆಯ ಮಣ್ಣು. ಸೆಲ್ಫಿ ತೆಗೆಯುತ್ತಿರುವ ನಮ್ಮಂಥವರೇ. 2018ರ ಆಗಸ್ಟಿನಲ್ಲಿ ಸಂಪಾಜೆಯ ಕಡೆ, ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡವೇ ರಸ್ತೆಗೆ ಇಳಿದದ್ದನ್ನು ಕಂಡವರಿಗೆ ರಸ್ತೆ ಖಾಲಿಯಿರುತ್ತದೆ ಎಂದುಕೊಳ್ಳಲು ಧೈರ್ಯ ಬಾರದು.

ನನ್ನ ಸೋದರಮಾವ ಇಪ್ಪತ್ತಾರು ವರ್ಷ ಘಾಟಿಯ ದಾರಿಯಲ್ಲಿ ಬಸ್ಸು ಓಡಿಸಿದವರು. ಯಾವ ಘಾಟಿ, ಯಾರ ಬಸ್ಸು ಎಂಬುದು ಇಲ್ಲಿ ಬೇಡ. ಒಂದು ಮಧ್ಯಾಹ್ನ, ಹತ್ತುತ್ತಿರುವಾಗ, ತಿರುವಿನಲ್ಲಿ ಇಳಿದು ಬಂದ ಬೈಕೊಂದು ಬಸ್ಸಿನ ಮುಂದಿನ ಚಕ್ರದಡಿ ಸೇರಿತು. ಹುಡುಗನಿಗೆ ಇಪ್ಪತ್ತೆರಡು ವರ್ಷ. ಬಸ್ಸು ತನ್ನ ಬದಿಯಲ್ಲೇ ಇತ್ತು, ವೇಗ ಆಳು ನಡೆದಷ್ಟು, ಹಾರನ್ ಹೊಡೆದಿದ್ದಕ್ಕೆ ಬಸ್ಸಿನ ತುಂಬ ಸಾಕ್ಷಿ. ಪೊಲೀಸರು, ಕೋರ್ಟು, ಕೊನೆಗೆ ಹುಡುಗನ ಮನೆಯವರು ಕೂಡ ತಪ್ಪಿಲ್ಲ ಎಂದರು. ಮಾವ ಅದರ ನಂತರವೂ ಒಂಬತ್ತು ವರ್ಷ ಅದೇ ದಾರಿಯಲ್ಲಿ ಓಡಿಸಿದರು. ಆ ತಿರುವು ಬಂದಾಗ ಮಾತ್ರ ಬಸ್ಸನ್ನು ಪೂರ್ತಿ ನಿಲ್ಲಿಸಿ, ಹಾರನ್ ಹೊಡೆದು, ಎರಡು ಉಸಿರು ಕಾದು, ಮತ್ತೆ ಹೊರಡುತ್ತಿದ್ದರು. ಪ್ರಯಾಣಿಕರು ಗೊಣಗುತ್ತಿದ್ದರಂತೆ. "ಮಾವ, ನಿಮ್ಮದೇನೂ ತಪ್ಪಿರಲಿಲ್ಲವಲ್ಲ" ಎಂದು ನಾನು ಒಮ್ಮೆ ಅಂದದ್ದಕ್ಕೆ ಅವರು, "ತಪ್ಪಿಲ್ಲ ಅಂತ ನಂಗೂ ಗೊತ್ತುಂಟು ಮಾರಾಯ್ತಿ. ಆದ್ರೆ ಚಕ್ರ ನಂದಲ್ವಾ" ಅಂದರು.

ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ 'ನೈತಿಕ ಅದೃಷ್ಟ' ಎಂಬ ಪ್ರಬಂಧ ಮಂಡಿಸಿದಾಗ ಆರಿಸಿಕೊಂಡದ್ದು ಒಬ್ಬ ಲಾರಿ ಡ್ರೈವರನನ್ನು. ತನ್ನದೇನೂ ತಪ್ಪಿಲ್ಲದೆ ಅವನ ಲಾರಿಗೆ ಮಗುವೊಂದು ಸಿಕ್ಕಿಬಿಟ್ಟಿದೆ. ನೋಡುತ್ತ ನಿಂತವರಿಗೆಲ್ಲ ದುಃಖವಾಗುತ್ತದೆ, ಆದರೆ ಡ್ರೈವರನ ದುಃಖದ ಜಾತಿಯೇ ಬೇರೆ. ಅದನ್ನು ಕರ್ತೃವಿನ ವಿಷಾದ ಎನ್ನಬಹುದು. 'ನಿನ್ನ ತಪ್ಪಿಲ್ಲ' ಎಂದು ನಾವು ಸಮಾಧಾನ ಹೇಳುತ್ತೇವೆ, ಹೇಳಲೂಬೇಕು. ಆದರೆ ಆ ಸಮಾಧಾನವನ್ನು ಅವನು ತಕ್ಷಣ ಒಪ್ಪಿಕೊಂಡು ಸರಾಗವಾಗಿ ಮುಂದೆ ಹೋದರೆ ನಮಗೇ ಏನೋ ಕಸಿವಿಸಿ. ಅದೇ ಚರ್ಚೆಯಲ್ಲಿ ಥಾಮಸ್ ನೇಗೆಲ್ ಇನ್ನೊಂದು ಮಗ್ಗುಲನ್ನು ತೋರಿಸಿದ. ಕುಡಿದು ಓಡಿಸುವವನ ಕಾರು ಫುಟ್‌ಪಾತಿಗೆ ನುಗ್ಗುತ್ತದೆ. ಅಲ್ಲಿ ಯಾರೂ ಇರಲಿಲ್ಲ ಎಂಬುದು ಅವನ ಅದೃಷ್ಟ. ಇದ್ದಿದ್ದರೆ ಅವನು ಕೊಲೆಗಾರ. ಎರಡು ಪ್ರಸಂಗಗಳಲ್ಲೂ ಅವನು ಮಾಡಿದ್ದು ಒಂದೇ.

ತರಗತಿಯಲ್ಲಿ ಇವೆರಡನ್ನೂ ಒಟ್ಟಿಗೆ ಓದಿಸುತ್ತಾರೆ. ಮಾವನ ತಿರುವಿನಲ್ಲಿ ಅವೆರಡೂ ಎದುರುಬದುರಾದವು. ವಿಲಿಯಮ್ಸನ ಡ್ರೈವರ್ ಹತ್ತುತ್ತಿದ್ದ, ನೇಗೆಲನ ಚಾಲಕ ಇಳಿಯುತ್ತಿದ್ದ. ಸತ್ತ ಹುಡುಗನ ಬಗ್ಗೆ ಇದು ಕಠಿಣ ಮಾತು, ಆದರೂ ಹೇಳಬೇಕು, ಯಾಕೆಂದರೆ ಅಪಾಯವನ್ನು ನಾವು ಯಾವಾಗಲೂ ವೇಗದವರ ಜೀವದ ಪ್ರಶ್ನೆಯಾಗಿ ಮಾತ್ರ ನೋಡುತ್ತೇವೆ. 'ಅವನ ಜೀವ, ಅವನ ಇಷ್ಟ' ಎನ್ನುವವರು, 'ಹೆತ್ತವರ ಗತಿ ಏನು' ಎನ್ನುವವರು, ಇಬ್ಬರಿಗೂ ಆ ಮುಂದಿನ ಚಕ್ರದ ಮೇಲೆ ಕೂತಿದ್ದ ಮನುಷ್ಯ ಕಾಣುವುದಿಲ್ಲ. ವೇಗದವನು ತನ್ನ ಜೂಜಿನಲ್ಲಿ ಸೋತರೆ ಅವನ ಸಾವನ್ನು ಬಾಳಿನುದ್ದಕ್ಕೂ ಹೊರುವ ಕೆಲಸವನ್ನು ಪರಿಚಯವೇ ಇಲ್ಲದ ಇನ್ನೊಬ್ಬರಿಗೆ ವಹಿಸಿ ಹೋಗುತ್ತಾನೆ. ಒಪ್ಪಿಗೆ ಕೇಳುವ ಮಾತೇ ಇಲ್ಲ.

ಹಾಗಾದರೆ ಒಪ್ಪಿಗೆ ಇರುವಲ್ಲಿ? ಅಂಥ ಜಾಗಗಳಿವೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ಉತ್ತರದ ಸುತ್ತು 1927ರಿಂದ ಇದೆ, 20.8 ಕಿಲೋಮೀಟರ್, ಕಾಡಿನ ನಡುವೆ ಹತ್ತಿ ಇಳಿಯುವ ಆ ದಾರಿಯಲ್ಲಿ ಟಿಕೆಟ್ ಕೊಂಡು ಯಾರೂ ಓಡಿಸಬಹುದು. ಅಪಾಯ ಕಡಿಮೆಯಿಲ್ಲ. ಆದರೆ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಅಲ್ಲಿರುವವರೆಲ್ಲ ಅದಕ್ಕಾಗಿಯೇ ಬಂದವರು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1907ರಿಂದ ನಡೆಯುವ ಟಿಟಿ ರೇಸು ಊರಿನ ಸಾರ್ವಜನಿಕ ರಸ್ತೆಗಳಲ್ಲೇ ನಡೆಯುತ್ತದೆ; ಅಲ್ಲಿ ಸತ್ತ ಸವಾರರ ಸಂಖ್ಯೆ 250 ದಾಟಿದೆ. ಅದು ಹುಚ್ಚು ಎನ್ನಲು ನನ್ನ ಅಡ್ಡಿಯಿಲ್ಲ. ಆದರೂ ರೇಸಿನ ಹೊತ್ತಿಗೆ ರಸ್ತೆ ಮುಚ್ಚಿರುತ್ತದೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಹಾಲು ತರುವ ಮುದುಕನಿಗೂ ಗೊತ್ತಿರುತ್ತದೆ. ನಮ್ಮಲ್ಲೇ ಚಿಕ್ಕಮಗಳೂರಿನ ರ್‍ಯಾಲಿಗಳು ಕಾಫಿ ತೋಟದೊಳಗಿನ ಮಣ್ಣುದಾರಿಗಳನ್ನು ಮುಚ್ಚಿ ನಡೆಯುತ್ತವೆ. ಅಣ್ಣನಿಗೆ ಇದನ್ನೆಲ್ಲ ಹೇಳಿ ಕೊಯಮತ್ತೂರಿನ ಟ್ರ್ಯಾಕಿಗೆ ಹೋಗು ಅಂದೆ. "ಟ್ರ್ಯಾಕಲ್ಲಿ ಏನಿದೆ ಮಾರಾಯ್ತಿ, ಬರೀ ಸಿಮೆಂಟು, ಟೈರು. ರಸ್ತೆಯ ಜೀವ ಇರಲ್ಲ" ಅಂದ. ಅವನು ಹೇಳಿದ್ದು ಸತ್ಯ. ಸೊಪ್ಪಿನ ಹೊರೆಯ ಹೆಂಗಸು, ದನ, ಗುಡಿ, ಟೀ ಅಂಗಡಿ ಇರುವುದರಿಂದಲೇ ರಸ್ತೆಗೆ ಜೀವ. ಜೀವ ಇರುವ ರಸ್ತೆ ಬೇಕು, ಆದರೆ ನಾನು ತಿರುಗುವ ಹೊತ್ತಿಗೆ ಆ ಜೀವಗಳು ಅಲ್ಲಿರಬಾರದು ಎನ್ನುವುದು ಯಾವ ಬಗೆಯ ಪ್ರೀತಿ ಎಂದು ಕೇಳಿದ್ದಕ್ಕೆ ಅವನು ನಕ್ಕು ಬೇರೆ ಮಾತು ತೆಗೆದ.

ಘಾಟಿಗೆ ತನ್ನದೇ ನೀತಿಯೊಂದಿದೆ, ಅದನ್ನು ಯಾವ ತತ್ವಜ್ಞಾನಿಯೂ ಬರೆದದ್ದಲ್ಲ. ಇಳಿಯುವ ವಾಹನ ಹತ್ತುವ ವಾಹನಕ್ಕೆ ದಾರಿ ಬಿಡಬೇಕು. 1989ರ ರಸ್ತೆ ನಿಯಮಗಳಲ್ಲಿ ಇದು ಅಚ್ಚಾಗಿತ್ತು, ಡ್ರೈವರುಗಳ ನಡುವೆ ಅದಕ್ಕೂ ಹಳೆಯದು. ಹತ್ತುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಭಾರ ಯಾರಿಗೆ ಹೆಚ್ಚೋ ದಾರಿ ಅವರಿಗೆ. ಯಾರ ಗಾಡಿ ದೊಡ್ಡದು, ಯಾರು ಮೊದಲು ಬಂದರು ಎಂದು ಕೇಳುವುದಿಲ್ಲ. ಸಂಪನ್ಮೂಲ ಹಂಚಿಕೆಯ ಬಗ್ಗೆ ನಾನು ಓದಬೇಕಾಗಿ ಬಂದ ಎಷ್ಟೋ ದಪ್ಪ ಪುಸ್ತಕಗಳು ಇಷ್ಟು ಚೊಕ್ಕವಾಗಿ ಹೇಳಿಲ್ಲ. ಹಾರನ್ ಕೂಡ ಹಾಗೆಯೇ. ಪೇಟೆಯಲ್ಲಿ ಹಾರನ್ ಎಂದರೆ 'ಸರಿ ಆಚೆ'. ಘಾಟಿಯಲ್ಲಿ ಅದರ ಅರ್ಥ 'ನಾನಿದ್ದೇನೆ, ನೀವಿದ್ದೀರಾ?' ಕಾಣದವರನ್ನು ಉದ್ದೇಶಿಸಿ ಆಡುವ ಮಾತು ಅದು. ಉತ್ತರ ಬರುವವರೆಗೆ ಕಿವಿಗೊಡಬೇಕು. ಸ್ಟೀರಿಯೋ ಹಾಕಿಕೊಂಡು ಗಾಜು ಏರಿಸಿಕೊಂಡವರಿಗೆ ಕೇಳಿಸುವುದಿಲ್ಲ. ಆ ಮಟ್ಟಿಗೆ ಅಣ್ಣನ ಟಾಪ್ ತೆರೆದ ಕಾರು ವಾಸಿ.

ಲಿಸ್ಟನ್ನು ನಾನು ಕಳಿಸಿದೆ, ಆದರೆ ಬದಲಿಸಿ. ತಿರುವಿನ ಬಿಗಿ ನೋಡಿ ಅಲ್ಲ, ನೋಟ ಎಷ್ಟು ದೂರ ಹೋಗುತ್ತದೆ ಎಂದು ನೋಡಿ ಜೋಡಿಸಿದೆ. ಕುದುರೆಮುಖದ ಹುಲ್ಲುಗಾವಲಿನ ಬಾಗುಗಳು ಮೇಲೆಯೇ ಉಳಿದವು; ಅಲ್ಲಿ ಮೂರು ತಿರುವಿನಾಚೆಯ ವಾಹನವೂ ಕಾಣುತ್ತದೆ. ಅಭಯಾರಣ್ಯದ ನಿಯಮ, ಚೆಕ್‌ಪೋಸ್ಟಿನ ಸಮಯದ ಲೆಕ್ಕ ಎರಡೂ ಇವೆ ಎಂದು ಸೇರಿಸಿದೆ. ಚಾರ್ಮಾಡಿ ಕೆಳಗಿಳಿಯಿತು. ನನ್ನ ಸ್ವಂತ ತೀರ್ಪು ಇಷ್ಟು: ಸ್ಪೋರ್ಟ್ಸ್ ಕಾರಿನ ನಿಜವಾದ ಸುಖಗಳಲ್ಲಿ ಮುಕ್ಕಾಲು ಪಾಲು ಇಪ್ಪತ್ತೈದರ ವೇಗದಲ್ಲೂ ಸಿಗುತ್ತವೆ. ಸ್ಟೇರಿಂಗಿನ ಹದ, ಗೇರಿನ ಚೊಕ್ಕತನ, ತಲೆಯ ಮೇಲೆ ಮರಗಳ ನೆರಳು, ದರೆಗೆ ಬಡಿದು ಮರಳುವ ಎಂಜಿನಿನ ಸದ್ದು. ಸಿಗದೇ ಹೋಗುವ ಕಾಲು ಭಾಗ ಚಿಕ್ಕದಲ್ಲ, ಅದು ಆ ಕಾರಿನ ತಿರುಳೇ ಎಂದು ವಾದಿಸುವವರನ್ನು ನಾನು ಅಲ್ಲಗಳೆಯಲಾರೆ. ಅವರಿಗೆ ನಷ್ಟವಾಗುತ್ತದೆ. ಎಲ್ಲ ಒಳ್ಳೆಯ ಸುಖಗಳಿಗೂ ಜಾಗ ಮಾಡಿಕೊಡುವ ಶಕ್ತಿ ಎಲ್ಲರಿಗೂ ಸೇರಿದ ರಸ್ತೆಗಿಲ್ಲ.

ಕಾಣದವರ ಪರವಾಗಿ ನಾವು ವೇಗವನ್ನೂ ಸಮಯವನ್ನೂ ಬಿಟ್ಟುಕೊಟ್ಟ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬಂಡೀಪುರದ ಕಾಡಿನ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ತುರ್ತು ವಾಹನ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. 2009ರಲ್ಲಿ ಬಂದ ಈ ಆದೇಶವನ್ನು ಮರುವರ್ಷ ಹೈಕೋರ್ಟು ಎತ್ತಿಹಿಡಿಯಿತು. ವ್ಯಾಪಾರಕ್ಕೆ ಪೆಟ್ಟು, ಸುತ್ತುಬಳಸಿನ ದಾರಿ ಎಂದು ಗಡಿಯ ಎರಡೂ ಕಡೆ ತಕರಾರು ಇದ್ದೇ ಇದೆ, ಆದರೂ ನಿಯಮ ನಿಂತಿದೆ. ಜಿಂಕೆಗೂ ಆನೆಗೂ ಆ ಹೊತ್ತಿನಲ್ಲಿ ರಸ್ತೆ ದಾಟುವ ಹಕ್ಕಿದೆ ಎಂದು ನಾವು ಒಪ್ಪಿಕೊಂಡಂತಾಯಿತು. ನಮ್ಮೂರಿನ ಕೆಳಗಿನ ತಿರುವಿನಲ್ಲಿ ಬೆಳಿಗ್ಗೆ ಎಂಟಕ್ಕೆ ಏಳೆಂಟು ಮಕ್ಕಳು ಶಾಲೆಯ ವ್ಯಾನಿಗಾಗಿ ಕಾಯುತ್ತಾರೆ. ದರೆಗೂ ಬಿಳಿ ಗೆರೆಗೂ ನಡುವೆ ಅವರಿಗಿರುವ ಜಾಗ ಎರಡು ಅಡಿ. ವ್ಯಾನಿನ ಹಾರನ್ ಯಾವುದು, ಬೇರೆ ಗಾಡಿಯ ಸದ್ದು ಯಾವುದು ಎಂದು ಒಂದನೇ ಕ್ಲಾಸಿನ ಹುಡುಗಿಗೂ ಗೊತ್ತು. ಬೇರೆಯದು ಕೇಳಿದರೆ ಅವರೆಲ್ಲ ಒಟ್ಟಿಗೆ ಬ್ಯಾಗಿನ ಸಮೇತ ದರೆಗೆ ಒರಗಿ ನಿಲ್ಲುತ್ತಾರೆ.